ಮಗ್ಗ ನಿಲ್ಲಿಸಿ ಕೇಳಿದ ಮಾತು

ನಿಮ್ಮಿಬ್ಬರಲ್ಲಿ ಸಣ್ಣವಳು ಮೊನ್ನೆ ಶಾಲೆಯಿಂದ ಅಳುತ್ತ ಬಂದಳು. ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆ ಎಂದು ತರಗತಿಯಲ್ಲಿ ಕೇಳಿದರಂತೆ. ಅಪ್ಪ ಮಗ್ಗ ನಡೆಸುತ್ತಾನೆ, ಅವ್ವ ನೂಲಿನ ಕಂಡಿಕೆ ಸುತ್ತುತ್ತಾಳೆ ಎಂದು ಹೇಳಿದ ಮೇಲೆ ಅಜ್ಜಿಯಾದ ನನ್ನ ಸರದಿ ಬಂತು. "ನಮ್ಮ ಆಯಿ ಸುಮ್ನ ನಿಂದ್ರೋ ಕೆಲಸಾ ಮಾಡ್ತಾಳ್ರಿ" ಎಂದಳಂತೆ. ಎಲ್ಲರೂ ನಕ್ಕರು. ಅದನ್ನು ಕೇಳಿ ಮನೆಯಲ್ಲಿ ದೊಡ್ಡವನೂ ನಕ್ಕ. ನನಗೂ ನಗು ಬಂತು. ಆದರೆ ಅವಳು ಹೇಳಿದ್ದು ಸುಳ್ಳಲ್ಲ. ಸುಮ್ಮನೆ ನಿಲ್ಲುವುದು ಒಂದು ಕೆಲಸ ಹೇಗಾದೀತು ಎಂದು ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ಬರೆದರೆ ಬಂದೀತು ಎಂದು ನಿಮ್ಮ ಹಳೆಯ ನೋಟಬುಕ್ಕಿನ ಉಳಿದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ಹುನ್ನೂರಿನ ಶಾಲೆಯಲ್ಲಿ ನಾನು ಓದಿದ್ದು ಸ್ವಲ್ಪ. ಉತ್ತರ ಗೊತ್ತಿದ್ದರೂ ಬಾಯಿ ತೆರೆಯುತ್ತಿರಲಿಲ್ಲ. ಮೇಷ್ಟ್ರು ಹತ್ತಿರ ಬಂದರೆ ನನ್ನ ಕಣ್ಣು ನನ್ನ ಕಾಲಿನ ಹೆಬ್ಬೆರಳಿನ ಮೇಲೆ ಹೋಗಿ ಕೂರುತ್ತಿತ್ತು. ಮದುವೆಯಾಗಿ ಬಂದ ಮನೆ ಕುರಿ ಸಾಕುವವರದು. ಬೇರೆಯವರ ಹೊಲಗಳಲ್ಲಿ ಕುರಿ ತರುಬಿ ನಿಲ್ಲಿಸಿಕೊಂಡು ವಾರಗಟ್ಟಲೆ ಇರುತ್ತಿದ್ದೆವು, ಅಲ್ಲಿ ಮಾತಿನ ಅಗತ್ಯವೇ ಇರಲಿಲ್ಲ. "ನಿನಗಿಂತ ಕುರೀನ ಹೆಚ್ಚ ಮಾತಾಡ್ತಾವು" ಎಂದು ನಿಮ್ಮ ಅಜ್ಜ ಕಾಡುತ್ತಿದ್ದರು. ಬಂಧುಗಳ ಮನೆಯಲ್ಲಿ ನನಗೆ "ಮೂಗಿ" ಎಂದೇ ಹೆಸರು. ಅಜ್ಜ ಹೋದ ಮೇಲೆ ಕುರಿಗಳನ್ನು ಮಾರಿದೆವು. ನಿಮ್ಮ ಅವ್ವ ನನ್ನನ್ನು ಬನಹಟ್ಟಿಗೆ ಕರೆತಂದಳು.

ನಮ್ಮ ಓಣಿ ನಿಮಗೆ ಹುಟ್ಟಿನಿಂದ ಗೊತ್ತು, ನನಗೆ ಅದು ಹೊಸದು. ಬೆಳಗಾದರೆ ಅತ್ತ ಇತ್ತ ಪಾವರ್‌ಲೂಮಿನ ಶೆಡ್ಡುಗಳು ಶುರುವಾಗುತ್ತವೆ. ಗೋಡೆ, ನೆಲ, ಕಪಾಟಿನ ಪಾತ್ರೆ ಎಲ್ಲ ಅದರ ಜೊತೆ ನಡುಗುತ್ತವೆ. ಮೊದಲ ದಿನ ತಲೆ ಸಿಡಿಯಿತು. ವಾರ ಕಳೆಯುವುದರೊಳಗೆ ಆ ಸಪ್ಪಳ ನನಗೆ ಹಿಡಿಸಿತು, ಏಕೆಂದರೆ ಅದರಲ್ಲಿ ಯಾರೂ ಯಾರನ್ನೂ ಮಾತಾಡಿಸುವಂತಿಲ್ಲ. ನಿಮ್ಮ ಅವ್ವನಿಗೆ ಬುತ್ತಿ ಒಯ್ದಾಗ ನೋಡಿದೆ, ಶೆಡ್ಡಿನೊಳಗೆ ಎಲ್ಲರೂ ಕೈಯಲ್ಲೇ ಮಾತಾಡುತ್ತಾರೆ. ಬೆರಳು ತಿರುವಿದರೆ ಲಾಳಿಗೆ ಕಂಡಿಕೆ ಬೇಕು ಎಂದು. ಹೆಬ್ಬೆರಳು ಬಾಯಿಗೆ ಒಯ್ದರೆ ನೀರು. ಅಂಗೈ ಕೆಳಗೆ ಒತ್ತಿದರೆ ಮಗ್ಗ ನಿಲ್ಲಿಸು ಎಂದು. ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ಭಾಷೆ ಬೇರೆ ಇಲ್ಲ ಎನ್ನಿಸಿತು.

ಆ ಶೆಡ್ಡಿನ ಮಾಲೀಕರ ತಂಗಿಯೇ ನೀವು ಅತ್ತಿ ಎನ್ನುವ ಆಕೆ. ವಯಸ್ಸಿನಲ್ಲಿ ನನಗಿಂತ ಬಹಳ ಸಣ್ಣವಳು, ನಾನೂ ಆಕೆಯನ್ನು ತಂಗಿ ಎಂದೇ ಕರೆಯುತ್ತೇನೆ, ಆಕೆಗೆ ನಾನು ಚಿಗವ್ವ. ಹುಟ್ಟುವಾಗಲೇ ಆಕೆಯ ನರಗಳಿಗೆ ಪೆಟ್ಟಾಗಿತ್ತು. ಕಾಲು ನಿಲ್ಲುವುದಿಲ್ಲ, ಕೈ ಹೇಳಿದ ಕಡೆ ಹೋಗುವುದಿಲ್ಲ, ಮಾತು ಒಂದೊಂದೇ ಎಳೆಯಾಗಿ ಬರುತ್ತದೆ. ಬುದ್ಧಿ ಮಾತ್ರ ಚೂಪು. ಯಾವ ಒಡಲಿಗೆ ಯಾವ ದಡಿಯ ಅಂಚು ಕೂಡುತ್ತದೆ ಎಂದು ಸೀರೆಯ ಬಣ್ಣ ಹೇಳುವುದರಲ್ಲಿ ಆ ಓಣಿಯಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ಮೊಬೈಲಿನಲ್ಲಿ ಸೀರೆಯ ಚಿತ್ರ ಕಳಿಸಿ, ಬೆರಳಿನ ಗಿಣ್ಣಿನಿಂದ ಅಕ್ಷರ ಒತ್ತಿ ದೂರದ ಊರುಗಳಿಗೆ ವ್ಯಾಪಾರ ಮಾಡುತ್ತಾಳೆ.

ಆಕೆಗೆ ಒಂದು ಹಠ ಹಿಡಿದಿತ್ತು. ತನ್ನದೇ ಮನೆ ಬೇಕು. ಅಣ್ಣನ ಮನೆಯ ಎದುರಿಗೇ ಒಂದು ಕೋಣೆ, ಹಿಂದೆ ನೂಲು ಇಡುತ್ತಿದ್ದದ್ದು, ಬಾಡಿಗೆಗೆ ಖಾಲಿ ಇತ್ತು. ಬಾಡಿಗೆ ತನ್ನ ವ್ಯಾಪಾರದಲ್ಲಿ ಹುಟ್ಟುತ್ತದೆ. ಆದರೆ ಎಬ್ಬಿಸಿ ಕೂರಿಸಲು, ಸ್ನಾನ ಮಾಡಿಸಲು, ಒಲೆ ಹಚ್ಚಲು ಒಬ್ಬರು ಬೇಕಲ್ಲ, ಅವರ ಪಗಾರ ಎಲ್ಲಿಂದ? ಸರ್ಕಾರದ ಮಾಸಾಶನ ಅದಕ್ಕೆ ಸಾಲದು. ಆಗ ಅಂಗವಿಕಲರಿಗಾಗಿ ಕೆಲಸ ಮಾಡುವ ಒಂದು ಸಂಸ್ಥೆಯ ವಿಚಾರ ಆಕೆಗೆ ಮೊಬೈಲಿನಲ್ಲೇ ತಿಳಿಯಿತು. ಅವರು ಸಹಾಯಕರ ಪಗಾರ ಕೊಡುತ್ತಾರೆ. ಹಣ ಮನೆಯವರ ಕೈಗಲ್ಲ, ಆಕೆಯ ಕೈಗೇ. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಿಸಬೇಕು ಎಂಬುದೂ ಆಕೆಗೆ ಸೇರಿದ್ದು. ಆದರೆ ಮೊದಲು ಒಂದು ವರ್ಷ ಮಾತ್ರ. ವರ್ಷ ತುಂಬುವಾಗ ಬಂದು ನೋಡಿ, ಆಕೆ ತನ್ನ ಬದುಕನ್ನು ತಾನೇ ನಡೆಸುತ್ತಿದ್ದಾಳೆ ಎಂದು ಕಂಡರೆ ಮುಂದುವರಿಸುತ್ತಾರೆ. ಇಲ್ಲವಾದರೆ ತಂಗಿ ಮತ್ತೆ ಅಣ್ಣನ ಮನೆಯ ಒಳಕೋಣೆಗೆ.

ಮೊದಲು ಇಟ್ಟುಕೊಂಡ ಹೆಂಗಸು ಚುರುಕಿನವಳು, ಬಾಯಿಯೂ ಚುರುಕು. ಯಾರು ಏನು ಕೇಳಿದರೂ ತಂಗಿಯ ಮೊದಲು ತಾನೇ ಹೇಳುತ್ತಿದ್ದಳು. ತಂಗಿ ಆಕೆಯನ್ನು ಬಿಡಿಸಿದಳು. ನಿಮ್ಮ ಅವ್ವ ನನ್ನನ್ನು ಕರೆದೊಯ್ದಳು. ತಂಗಿ ನನ್ನನ್ನು ನೋಡಿ ಏನೋ ಕೇಳಿದಳು. ನಾನು ಹೆಬ್ಬೆರಳು ನೋಡುತ್ತ ನಿಂತೆ. ಮತ್ತೇನೋ ಕೇಳಿದಳು. ನಾನು ಸೆರಗು ಮುಂದೆ ಎಳೆದುಕೊಂಡೆ. ಆಕೆ ಮೈಯೆಲ್ಲ ಅಲುಗುವಂತೆ ನಕ್ಕು, "ಇಕೀನ ಬೇಕು ನನಗ" ಎಂದಳು. ಬಾಯಿ ಸತ್ತವಳನ್ನು ಯಾಕೆ ಆರಿಸಿದಳು ಎಂದು ನನಗೆ ಅಂದು ತಿಳಿಯಲಿಲ್ಲ.

ಬಾಯಿ ಸುಮ್ಮನಿದ್ದರೂ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಮೊದಲ ದಿನ ಆಕೆಯನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತಬೇಕಾಯಿತು. ನನಗೆ ಗೊತ್ತಿದ್ದ ಎತ್ತುವ ರೀತಿ ಒಂದೇ, ಕುರಿ ಎತ್ತುವುದು. ಎದೆಯ ಮುಂದೆ ಒಂದು ಕೈ, ಹಿಂದೆ ಒಂದು ಕೈ, ಹಾಗೇ ಎದೆಗೊತ್ತಿ ಎತ್ತಿಬಿಟ್ಟೆ. ತಂಗಿ ಗಾಳಿಯಲ್ಲೇ ಇದ್ದು, "ಚಿಗವ್ವಾ, ನನ್ನ ಉಣ್ಣೆ ಕತ್ತರಸಾಕ ಒಯ್ಯಾಕತ್ತಿ ಏನ?" ಎಂದಳು. ನನಗೆ ನಗು ತಡೆಯದೆ ಇಬ್ಬರೂ ಹಾಸಿಗೆಯ ಮೇಲೆ ಬಿದ್ದೆವು. ಆಮೇಲೆ ಎಲ್ಲಿ ಕೈ ಹಾಕಬೇಕು, ಯಾವ ಕಾಲು ಮೊದಲು ಎಂದು ತಾನೇ ಹೇಳಿಕೊಟ್ಟಳು. ಈಗಲೂ ಎತ್ತುವಾಗ ಒಮ್ಮೊಮ್ಮೆ "ಬ್ಯಾ" ಎಂದು ಕುರಿಯ ಹಾಗೆ ಕೂಗಿ ನನ್ನ ಕೈಯ ಶಕ್ತಿ ತೆಗೆಯುತ್ತಾಳೆ.

ಇನ್ನೊಂದು ದಿನ ರೊಟ್ಟಿ ಮುರಿದು ಪಲ್ಯೆ ಕಲಸಿ ತುತ್ತು ಮಾಡಿ ಬಾಯಿಗೆ ಹಿಡಿದೆ. ಆಕೆ ಬಾಯಿ ತೆರೆಯಲಿಲ್ಲ. ಹಸಿವಿಲ್ಲವೇನೋ ಎಂದುಕೊಂಡೆ. "ಯಾವ ಪಲ್ಯೆ ಮದಲ ಅಂತ ನನ್ನ ಕೇಳಿದ್ಯಾ?" ಎಂದಳು. ಮನೆಯವರಿಗೆ, ಬಾಣಂತಿಯರಿಗೆ, ಕೂಸುಗಳಿಗೆ ಎಲ್ಲರಿಗೂ ಹೀಗೇ ತಿನ್ನಿಸಿದವಳು ನಾನು. ಪ್ರೀತಿ ಎಂದರೆ ಕೇಳದೆ ಮಾಡುವುದು ಎಂದೇ ನಮ್ಮಲ್ಲಿ ರೂಢಿ. ಅಲ್ಲಿ ಕೇಳುವವರೆಗೆ ಕಾಯುವುದನ್ನು ಕಲಿತೆ. ಪಗಾರದ ದಿನ ಆಕೆ ತನ್ನ ಸೊಟ್ಟ ಬೆರಳುಗಳಲ್ಲಿ ಡಬ್ಬಿಯಿಂದ ನೋಟು ತೆಗೆಯುವಾಗ, ಒಂದು ನೋಟು ಕೆಳಗೆ ಬಿದ್ದರೆ, ಎತ್ತಿಕೊಡಲು ಹೇಳುವವರೆಗೆ ನಾನು ಬಗ್ಗುವುದಿಲ್ಲ. ಇದು ಸುಲಭವಲ್ಲ, ಮಕ್ಕಳೇ. ಮನೆಯಲ್ಲಿ ಮಾಡಿ ನೋಡಿರಿ.

ನನ್ನ ಸುಮ್ಮನಿರುವಿಕೆಯ ಬೆಲೆ ನನಗೆ ತಿಳಿದದ್ದು ಮಗ್ಗದ ಸಪ್ಪಳ ಮುಟ್ಟದ ಪೇಟೆಯ ಬಳೆ ಅಂಗಡಿಯಲ್ಲಿ. ಗಾಲಿ ಕುರ್ಚಿ ತಳ್ಳಿಕೊಂಡು ಹೋಗಿದ್ದೆ. ಅಂಗಡಿಯವನು ತಂಗಿಯ ತಲೆಯ ಮೇಲಿಂದ ನನ್ನನ್ನು ನೋಡಿ, ಇವರಿಗೆ ಯಾವ ಬಣ್ಣ ಬೇಕಂತೆ ಎಂದು ಕೇಳಿದ. ನಾನು ಹೆಬ್ಬೆರಳು ನೋಡಿದೆ. ಮತ್ತೆ ಕೇಳಿದ. ಮತ್ತೂ ನೋಡಿದೆ. ಇವಳು ಕಿವುಡಿ ಇರಬೇಕು ಎಂದುಕೊಂಡ ಅವನು ಬೇರೆ ದಾರಿಯಿಲ್ಲದೆ ಬಗ್ಗಿ ತಂಗಿಯನ್ನೇ ಕೇಳಿದ. ಆಕೆ ಸಾವಕಾಶ ಹೇಳಿದಳು. ಅವನು ಕೇಳಿಸಿಕೊಂಡ. ಹಸಿರು ಬಳೆಗಳನ್ನು ಆಕೆಯ ಮುಂದೆಯೇ ಹರಡಿದ, ಬೆಲೆಗೆ ಆಕೆಯೊಡನೆಯೇ ಜಗಳಾಡಿ ಸೋತ. ಮರಳಿ ಬರುವಾಗ ತಂಗಿ, "ನೋಡಿದ್ಯಾ ಚಿಗವ್ವ, ನೀ ಸುಮ್ನಿದ್ರ ನನಗ ಬಾಯಿ ಬರತೈತಿ" ಎಂದಳು. ಹುಟ್ಟಿದಾಗಿನಿಂದ ಎಲ್ಲರೂ ಬೈದ ನನ್ನ ಗುಣವೊಂದನ್ನು ಒಬ್ಬರು ಹೊಗಳಿದ್ದು ಅದೇ ಮೊದಲು.

ಆದರೆ ಎದುರು ಮನೆಯಲ್ಲಿ ಯಾರಿಗೂ ಸಮಾಧಾನವಿರಲಿಲ್ಲ. ಅಣ್ಣ ಕೆಟ್ಟವನಲ್ಲ. ತಂಗಿಯನ್ನು ಹೊರಗೆ ಹಾಕಿದ ಎಂದು ಜನ ಆಡಿಕೊಳ್ಳುತ್ತಾರೆ ಎಂಬುದೇ ಅವನಿಗೆ ಸಂಕಟ. ತಾಯಿಯದು ಇನ್ನೂ ದೊಡ್ಡ ನೋವು. ಹೊತ್ತು, ಉಣ್ಣಿಸಿ, ತೊಳೆದು ಮಗಳನ್ನು ಬೆಳೆಸಿದವಳು ಆಕೆ. ಈಗ ಬೆನ್ನು ಬಗ್ಗಿದೆ, ಆದರೂ ಪಗಾರದ ಹೆಂಗಸು ಬಂದು ಅದೇ ಕೆಲಸ ಮಾಡುವುದನ್ನು ನೋಡಲಾರಳು. ದಿನವೂ ಓಣಿ ದಾಟಿ ಬರುವಳು. ಹೊಸ್ತಿಲ ಹೊರಗೆ ನಿಲ್ಲುವಳು, ಒಳಗೆ ಬರಲೊಲ್ಲಳು. "ನಾ ಇನ್ನೂ ಸತ್ತಿಲ್ಲ ಬೇ" ಎಂದು ನನಗೆ ಕೇಳುವಂತೆ ಗೊಣಗುವಳು. ತಂಗಿ ದಿನವೂ ಚಹಾಕ್ಕೆ ಕರೆಯುವಳು. ತಾಯಿ ದಿನವೂ ಒಲ್ಲೆ ಎಂದು ತಿರುಗಿ ಹೋಗುವಳು. ಆ ವರ್ಷವೆಲ್ಲ ಆಕೆ ಆ ಮನೆಯಲ್ಲಿ ಒಂದು ಗುಟುಕು ನೀರು ಕುಡಿಯಲಿಲ್ಲ.

ವರ್ಷ ಮುಗಿಯುತ್ತ ಬಂತು. ಯಾವ ದಿನ ಬರೋಣ ಎಂದು ಸಂಸ್ಥೆಯವರು ಕೇಳಿದಾಗ ತಂಗಿ ಅಮಾವಾಸ್ಯೆಯ ದಿನ ಬರಲು ಹೇಳಿದಳು. ತಾಯಿ ಎದೆ ಹಿಡಿದುಕೊಂಡಳು. ಹೊಸದು ಯಾವುದನ್ನೂ ಅಮಾವಾಸ್ಯೆಗೆ ಯಾರೂ ಶುರುಮಾಡುವುದಿಲ್ಲ. ನನಗೂ ಮನಸ್ಸಿಗೆ ಬರಲಿಲ್ಲ. ಅಮಾವಾಸ್ಯೆ ಎಂದರೆ ಹುನ್ನೂರಿಗೆ ಹೋಗಿ ಬೀರೇಶ್ವರನಿಗೆ ಕಾಯಿ ಒಡೆಸಿ ಬರುವ ದಿನ. ಆದರೆ ನಾನು ಏನಾದರೂ ಹೇಳಿದ್ದು ಯಾವಾಗ? ಇಲ್ಲಿಂದಲೇ ಕೈಮುಗಿದು, ಹಣೆಗೆ ಅರಿಶಿನದ ಭಂಡಾರ ಹಚ್ಚಿಕೊಂಡು ಕೆಲಸಕ್ಕೆ ಹೋದೆ. ಕೋಣೆ ಸಾರಿಸಿ, ಸೀರೆಗಳನ್ನು ಆಕೆ ಹೇಳಿದ ಬಣ್ಣದ ಸಾಲಿನಲ್ಲಿ ಜೋಡಿಸಿ, ಹೊಸ ಬಳೆ ತೊಡಿಸಿ ಕಾದೆವು. ಮಧ್ಯಾಹ್ನವಾಯಿತು, ಸಂಜೆಯಾಯಿತು. ಯಾರೂ ಬರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ತಾಯಿ ಹೊಸ್ತಿಲಿಗೆ ಬಂದು, ತಾನೇ ಮಗನಿಂದ ಫೋನು ಮಾಡಿಸಿ ಅಮಾವಾಸ್ಯೆ ಕಳೆದು ಬರಲು ಹೇಳಿಸಿದ್ದಾಗಿ ಹೇಳಿದಳು. ಮಗಳಿಗೆ ಒಳ್ಳೆಯದು ಮಾಡಿದ ಹೆಮ್ಮೆ ಆಕೆಯ ಮುಖದಲ್ಲಿತ್ತು. ತಂಗಿಯ ಬಾಯಿಂದ ಒಂದೊಂದೇ ಮಾತು ಹೊರಬಂತು.

"ಇವತ್ತ ಮಗ್ಗ ನಿಂತಿರ್ತಾವಬೇ ಯವ್ವಾ. ನನ್ನ ದನಿ ಕೇಳಸ್ತಿತ್ತು."

ಆಗ ನನ್ನ ಕಿವಿಗೂ ಆ ಓಣಿಯ ನಿಶ್ಶಬ್ದ ಬಿತ್ತು. ನೇಕಾರರು ಅಮಾವಾಸ್ಯೆಯ ದಿನ ಮಗ್ಗಕ್ಕೆ ಪೂಜೆ ಮಾಡಿ ಕೈ ಮುಗಿದು ರಜೆ ಬಿಡುತ್ತಾರೆ. ಆ ಒಂದು ದಿನ ಬಿಟ್ಟರೆ ಈ ಓಣಿಯಲ್ಲಿ ತಂಗಿಯ ದನಿ ಎದುರಿಗೆ ಕೂತವರಿಗೂ ಮುಟ್ಟುವುದಿಲ್ಲ. ನಾನು ಆಕೆಯ ತುಟಿ ನೋಡಿ ತಿಳಿಯುತ್ತೇನೆ, ಹೊಸಬರು ಹೇಗೆ ತಿಳಿದಾರು? ಕರೆಂಟು ಹೋದಾಗ ಓಣಿಯವರೆಲ್ಲ ಬೈಯುತ್ತಿದ್ದರೆ ಆಕೆ ಮಾತ್ರ ಹಿಗ್ಗಿ ನನ್ನೊಡನೆ ಹರಟೆಗೆ ಕೂರುತ್ತಿದ್ದುದು ಯಾಕೆ ಎಂದೂ ಅಂದೇ ಹೊಳೆಯಿತು. ತಾಯಿ ಹೊಸ್ತಿಲ ಹೊರಗೆ ಕುಕ್ಕುರುಗಾಲಲ್ಲಿ ಕೂತುಬಿಟ್ಟಳು. ಆಮೇಲೆ ಎದ್ದು ಹೋದಳು.

ಮರುದಿನ ಸಂಸ್ಥೆಯಿಂದ ಒಬ್ಬ ಅಧಿಕಾರಿ ಹೆಂಗಸು, ಅವರನ್ನು ಬಾಯಿಯವರು ಎನ್ನುತ್ತಿದ್ದರು, ಜೊತೆಗೆ ಒಬ್ಬ ಗಂಡಸು ಬಂದರು. ಮಗ್ಗಗಳು ಹಿಂದಿನ ದಿನದ ರಜೆಯ ಬಾಕಿ ತೀರಿಸುವ ಹಾಗೆ ಹೊಡೆದುಕೊಳ್ಳುತ್ತಿದ್ದವು. ತಂಗಿ ಮಾತಾಡಿದಳು. ಬಾಯಿಯವರು ಕಿವಿಗೆ ಕೈ ಒಡ್ಡಿದರು, ಹತ್ತಿರ ಸರಿದರು, ಅರ್ಥವಾಗದೆ ನಕ್ಕರು. ತಂಗಿ ಮೊಬೈಲು ತೋರಿಸಿ ಅಕ್ಷರ ಒತ್ತತೊಡಗಿದಳು, ಆದರೆ ಅವಸರಕ್ಕೆ ಆಕೆಯ ಕೈ ಇನ್ನಷ್ಟು ನಡುಗಿ ಒಂದರ ಬದಲು ಇನ್ನೊಂದು ಬಿತ್ತು. ಕೊನೆಗೆ ಆ ಗಂಡಸು ನನ್ನ ಕಿವಿಯ ಹತ್ತಿರ ಬಂದು, ಅವರು ಏನು ಹೇಳುತ್ತಿದ್ದಾರೆ ನೀವೇ ಹೇಳಿ ಎಂದು ಕೂಗಿದರು.

ನನಗೆ ಆಕೆಯ ಪ್ರತಿ ಮಾತೂ ತಿಳಿದಿತ್ತು. ಹೇಳಿಬಿಟ್ಟರೆ ಪಗಾರವೂ ಉಳಿದೀತು, ಆಕೆಯ ಮನೆಯೂ ಉಳಿದೀತು ಎನ್ನಿಸಿತು. ಜೀವನದಲ್ಲಿ ಮೊದಲ ಸಲ ಮಾತು ನನ್ನ ಗಂಟಲಿಗೆ ತಾನಾಗಿ ಬಂದು ನಿಂತಿತ್ತು. ತಂಗಿಯನ್ನು ನೋಡಿದೆ. ಆಕೆ ತಲೆ ಅಲ್ಲಾಡಿಸಿದಳು. ನಾನು ಮಾತು ನುಂಗಿ ಹೆಬ್ಬೆರಳು ನೋಡಿದೆ.

ಬೇರೆ ಕಡೆ ಹೋಗೋಣವೇ, ಜಮಖಂಡಿಯ ತಮ್ಮ ಆಫೀಸಿಗೆ ಬರುತ್ತೀರಾ ಎಂದು ಬಾಯಿಯವರು ಕೈಸನ್ನೆ ಮಾಡಿದರು. ತಂಗಿ ನೆಲ ತೋರಿಸಿದಳು. ಇಲ್ಲೇ, ತನ್ನ ಮನೆಯಲ್ಲೇ. ಆಮೇಲೆ ನನ್ನ ಕಡೆ ತಿರುಗಿ, ನಡುಗುವ ಅಂಗೈಯನ್ನು ಹೇಗೋ ಬಿಡಿಸಿ ಕೆಳಗೆ ಒತ್ತಿದಳು. ಹೋಗಿ ಮಗ್ಗ ನಿಲ್ಲಿಸು.

ನಡೆಯುತ್ತಿದ್ದ ಮಗ್ಗ ನಿಲ್ಲಿಸು ಎಂದು ಕೇಳಲು ಓಣಿಯಲ್ಲಿ ಯಾರಿಗೂ ಧೈರ್ಯ ಬರುವುದಿಲ್ಲ. ನಿಂತಷ್ಟು ಹೊತ್ತು ಕೂಲಿ ನಿಂತಂತೆ. ಅಂಥದ್ದರಲ್ಲಿ ನಾನು. ಬಾಯಿಬಿಟ್ಟು ಕೇಳಬೇಕಾಗಿದ್ದರೆ ಓಣಿಯ ನಡುವಿನಿಂದಲೇ ತಿರುಗಿ ಬರುತ್ತಿದ್ದೆ. ಆದರೆ ಶೆಡ್ಡಿನೊಳಗೆ ಬಾಯಿಗೆ ಕೆಲಸವಿಲ್ಲವಲ್ಲ. ಬಾಗಿಲಲ್ಲಿ ನಿಂತು ಅಂಗೈ ಕೆಳಗೆ ಒತ್ತಿದೆ. ಬೆರಳು ತುಟಿಗೆ ಮುಟ್ಟಿಸಿದೆ. ಎದುರಿನ ಕೋಣೆ ತೋರಿಸಿದೆ. ಮುಂದಿನ ಮಗ್ಗದ ಮೇಲಿದ್ದ ನಿಮ್ಮ ಅಪ್ಪ ಅತ್ತೆಯಾದ ನನ್ನ ಆಜ್ಞೆ ಮೀರಲಾರದೆ ಮೊದಲು ನಿಲ್ಲಿಸಿದ. ಅವನನ್ನು ನೋಡಿ ಪಕ್ಕದವನು. ಮಾಲೀಕ ಅಣ್ಣ ಒಳಗಿನಿಂದ ಓಡಿ ಬಂದು, ಏನು ಹುಚ್ಚು ಹಿಡಿದಿದೆಯೇ ಎಂಬಂತೆ ಎರಡೂ ಕೈ ಎತ್ತಿದ. ಆಗ ಮೂಲೆಯಲ್ಲಿ ಕೂತಿದ್ದ ತಾಯಿ ಎದ್ದಳು. ಗೋಡೆ ಹಿಡಿದುಕೊಂಡು ನಡೆದು, ಇಡೀ ಶೆಡ್ಡಿನ ದೊಡ್ಡ ಸ್ವಿಚ್ಚನ್ನು ಕೆಳಗೆಳೆದಳು.

ಶೆಡ್ಡು ಸತ್ತ ಹಾಗೆ ಸುಮ್ಮನಾಯಿತು. ಅಕ್ಕಪಕ್ಕದ ಶೆಡ್ಡಿನವರು ಇಣುಕಿ, ಕರೆಂಟು ಹೋಯಿತೇ, ನಮ್ಮದು ಹೋಗಿಲ್ಲವಲ್ಲ ಎಂದು ಕೂಗಿ ಕೇಳಿದರು. ಅಣ್ಣ ಒಮ್ಮೆ ತಾಯಿಯ ಮುಖ ನೋಡಿದ, ಒಮ್ಮೆ ಎದುರಿನ ಬಾಗಿಲು ನೋಡಿದ. ಓಣಿಯ ನಡುವೆ ಬಂದು ನಿಂತು ಹೇಳಿದ.

"ಕರೆಂಟ ಐತಿ. ನಮ್ಮ ತಂಗಿ ಮಾತಾಡಾಕತ್ತಾಳ, ಬಂದ್ ಮಾಡ್ರಿ."

ಒಂದರ ಹಿಂದೆ ಒಂದು ನಿಂತವು. ಕೆಲಸದ ದಿನ, ಹಾಡಹಗಲು, ನಮ್ಮ ಓಣಿಯಲ್ಲಿ ಕಾಗೆಯ ದನಿ ಕೇಳಿತು. ಜನ ಹೊರಗೆ ಬಂದು ಕಟ್ಟೆಗಳ ಮೇಲೆ ಕೂತರು. ನಾನು ಹೋಗಿ ಕುರ್ಚಿಯ ಹಿಂದೆ, ನನ್ನ ಜಾಗದಲ್ಲಿ ನಿಂತೆ.

ಬಾಯಿಯವರು ತಂಗಿಯನ್ನೇ ನೋಡುತ್ತ ಕೇಳಿದರು. "ತಾಯಿ ಅದಾರ, ಅಣ್ಣ ಅದಾರ, ನೋಡ್ಕೊಳ್ಳಾಕ ತಯಾರ ಅದಾರ. ಮತ್ತ ಈ ಸಹಾಯ ನಿಮಗ ಯಾಕ ಬೇಕ್ರಿ?"

ತಂಗಿ ಉಸಿರು ಕೂಡಿಸಿಕೊಂಡಳು. ಆಕೆಯ ಮಾತಿನ ನಡುನಡುವಿನ ಜಾಗ ಉದ್ದ. ಆ ಜಾಗದಲ್ಲಿ ಯಾರೂ ಕೆಮ್ಮಲಿಲ್ಲ.

"ನಮ್ಮವ್ವ... ನನಗ ಹುಟ್ಟಿದಾಗಿಂದ ಉಣ್ಣಿಸ್ಯಾಳ. ಒಮ್ಮೆರ ಆಕಿ... ನನ್ನ ಮನಿಗೆ ಬರಬೇಕು. ಬಂದ್ರ... ನಾ ಆಕಿಗೆ ಚಾ ಕೊಡಬೇಕು. ಅದಕ್ಕ ನನಗೊಂದ ಮನಿ ಬೇಕು. ಎರಡ ಕೈ ಬೇಕು."

ಆ ಗಂಡಸಿಗೆ ಕೊನೆಯ ಮಾತು ಸರಿಯಾಗಿ ತಿಳಿಯಲಿಲ್ಲ. ಅಭ್ಯಾಸದಂತೆ ನನ್ನ ಕಡೆ ನೋಡಿದರು. ನನ್ನ ಕಣ್ಣು ನೆಲದ ಮೇಲೆ. ಅವರು ನಾಚಿ, ಬಗ್ಗಿ, ಇನ್ನೊಮ್ಮೆ ಹೇಳುತ್ತೀರಾ ಎಂದು ತಂಗಿಯನ್ನೇ ಕೇಳಿದರು. ಆಕೆ ಇನ್ನೊಮ್ಮೆ ಹೇಳಿದಳು. ಹಾಗಾದರೆ ಈ ಎರಡು ಕೈ ನಿಮ್ಮ ಮಾತು ಕೇಳದಿದ್ದರೆ ಏನು ಮಾಡುತ್ತೀರಿ ಎಂದು ಅವರು ನಗುತ್ತ ಕೇಳಿದರು.

"ಬಿಡಸ್ತೇನ್ರಿ" ಎಂದಳು ತಂಗಿ. "ಮದಲಿನಾಕೀನ ಬಿಡಿಸೇನಿ. ಇಕೀ ಕೇಳ್ತಾಳ. ನನ್ನ ಎತ್ತೂ ಮುಂದ ಅಷ್ಟ... ಕುರಿ ಅನಕೊಂತಾಳ."

ಕಟ್ಟೆಯ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಆಕೆಯ ನಗೆಚಾಟಿಕೆ ಅವರ ಕಿವಿಗೆ ಬಿದ್ದದ್ದೇ ಅಂದು. ಅಷ್ಟು ವರ್ಷ ಅದೇ ಓಣಿಯಲ್ಲಿದ್ದವರು, ಇವಳು ಇಷ್ಟು ಕಿಲಾಡಿ ಎಂದು ಗೊತ್ತೇ ಇರಲಿಲ್ಲವಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಆಮೇಲೆ ಆಕೆ ವ್ಯಾಪಾರದ ಲೆಕ್ಕ ಹೇಳಿದಳು, ಯಾವ ಊರಿಗೆ ಯಾವ ಬಣ್ಣ ಹೋಗುತ್ತದೆ ಎಂದಳು. ಹೇಳಿ ಹೇಳಿ ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. ಮಗ್ಗಗಳು ಕಾದವು. ಬಾಯಿಯವರು ಕಡೆಗೆ ಆಕೆಯ ಕೈ ಹಿಡಿದು, ಸಹಾಯ ಮುಂದುವರಿಯುತ್ತದೆ, ಇದರಲ್ಲಿ ಇನ್ನು ಕೇಳುವುದೇನೂ ಇಲ್ಲ ಎಂದರು. ಕಟ್ಟೆಯಿಂದ ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು.

ತಾಯಿ ಎಂದಿನಂತೆ ಹೊಸ್ತಿಲ ಹೊರಗೆ ನಿಂತಿದ್ದಳು. ತಂಗಿ ಆಕೆಯನ್ನು ನೋಡಿದಳು, ಕರೆಯಲಿಲ್ಲ. ತಾಯಿ ಚಪ್ಪಲಿ ಬಿಟ್ಟಳು. ಸೀರೆಯ ನೆರಿಗೆ ಎತ್ತಿ ಹೊಸ್ತಿಲು ದಾಟಿ ಬಂದು, ಬೇರೆಯವರ ಮನೆಗೆ ಬಂದವಳ ಹಾಗೆ ಚಾಪೆಯ ತುದಿಯಲ್ಲಿ ಕೂತಳು.

"ಚಿಗವ್ವ, ಚಾ ಇಡು" ಎಂದಳು ತಂಗಿ. "ಸಕ್ರಿ ಕಡಿಮಿ. ಆಕಿಗೆ ಡಾಕ್ಟರ ಬ್ಯಾಡಂದಾರ."

ನಾನು ಇಟ್ಟೆ. ಬಂದವರಿಗೂ ಕೊಡಲು ಹೇಳಿದಳು, ಅಣ್ಣನಿಗೂ. ಕಪ್ಪಿನ ಚಹಾ ಬಶಿಯಲ್ಲಿ ಸುರಿದು ಊದಿ ಕುಡಿದ ತಾಯಿ, ಮುಖ ಕಿವುಚಿ, ಇದೇನು ಚಹಾ, ಸಕ್ಕರೆಯೇ ಇಲ್ಲ ಎಂದಳು.

"ನನ್ನ ಮನ್ಯಾಗ ಇಷ್ಟಬೇ" ಎಂದಳು ತಂಗಿ.

ತಾಯಿಯ ಕಣ್ಣಲ್ಲಿ ನೀರು ಬಂದಿತ್ತು, ಆದರೆ ಬಶಿ ಖಾಲಿಯಾಗಿತ್ತು. ಅಣ್ಣ ಎದ್ದು ಹೋಗಿ ಸ್ವಿಚ್ಚು ಹಾಕಿದ. ನೆಲ ಮತ್ತೆ ನಡುಗಿತು, ಕಪ್ಪು-ಬಶಿಗಳು ಜೊತೆಗೆ ನಡುಗಿದವು.

ಈಗ ಆ ತಾಯಿ ದಿನವೂ ಚಹಾದ ಹೊತ್ತಿಗೆ ಬರುತ್ತಾಳೆ, ದಿನವೂ ಸಕ್ಕರೆಗೆ ಬೈಯುತ್ತಾಳೆ. ಸಂಸ್ಥೆಯವರು ತಂಗಿಯನ್ನು ಮುಧೋಳಕ್ಕೆ, ಬೀಳಗಿಗೆ ಕರೆಸಿಕೊಳ್ಳುತ್ತಾರೆ, ಅಲ್ಲಿ ಒಳಕೋಣೆಯಲ್ಲಿರುವ ಹೆಣ್ಣುಮಕ್ಕಳಿಗೆ, ಅವರ ಮನೆಯವರಿಗೆ ಆಕೆ ತನ್ನ ಮಾತಿನಲ್ಲೇ ಎಲ್ಲ ಹೇಳುತ್ತಾಳೆ. ಬೀಳಗಿಯ ಒಬ್ಬ ಹುಡುಗಿಗೆ ಆಗಲೇ ಸಹಾಯಕಿ ಸಿಕ್ಕಿದ್ದಾಳೆ. ಕೆಲಸ ಹೇಗೆ ಮಾಡಬೇಕು ಎಂದು ಆ ಸಹಾಯಕಿ ನನ್ನನ್ನು ಕೇಳಿದಳು. ನಾನು ಹೆಬ್ಬೆರಳು ನೋಡಿದೆ. ತಂಗಿ, "ಅದನ್ನ ತೋರಸಾಕತ್ತಾಳ ನೋಡು" ಎಂದಳು.

ಅದಕ್ಕೆ, ಸಣ್ಣವ್ವಾ, ಮುಂದೆ ಯಾರಾದರೂ ಕೇಳಿದರೆ ಅದೇ ಉತ್ತರ ಹೇಳು, ನಗುವವರು ನಗಲಿ. ನಮ್ಮ ಆಯಿ ಸುಮ್ಮನೆ ನಿಲ್ಲುವ ಕೆಲಸ ಮಾಡುತ್ತಾಳೆ ಎನ್ನು. ಯಾರ ಹಿಂದೆ ನಿಲ್ಲುತ್ತಾಳೆ ಎಂಬುದನ್ನೂ ಸೇರಿಸಿ ಹೇಳು.